ಬಿಟ್ಟುಕೊಡುವುದು ಅಂದರೆ ಏನು?

ಇವತ್ತು ಒಂದೇ ಪದ ಧ್ಯಾನಿಸೋಣ: ಬಿಟ್ಟುಕೊಡು.

ಇದರಲ್ಲಿ ಎರಡು ಮಾತು ಸೇರಿವೆ, ಬಿಡು ಮತ್ತು ಕೊಡು. ಕೈ ಸಡಿಲವಾದರೂ 'ಬಿಟ್ಟೆ' ಅನ್ನಬಹುದು. ಆದರೆ ಕೊಡಬೇಕಾದರೆ ಅದು ನನ್ನದಾಗಿರಬೇಕು, ಮನಸ್ಸೂ ನನ್ನದೇ ಆಗಿರಬೇಕು. ಇನ್ನೊಂದು ಅರ್ಥ ಗಮನಿಸಿ. "ಗೆಳೆಯನನ್ನ ಬಿಟ್ಟುಕೊಡಲ್ಲ" ಅಂತೀವಲ್ಲ? ಅಲ್ಲಿ ಬಿಟ್ಟುಕೊಡೋದು ದ್ರೋಹ. ಹಕ್ಕನ್ನು ಬಿಟ್ಟುಕೊಟ್ಟರೆ ಪ್ರೀತಿ, ಮನುಷ್ಯರನ್ನು ಬಿಟ್ಟುಕೊಟ್ಟರೆ ದ್ರೋಹ!

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ನಗರಕ್ಕೆ ಬಂದವರು ಇಲ್ಲಿದ್ದೀರಿ. ಒಂದು ದಿನ ಊರಿಂದ ಫೋನ್ ಬರುತ್ತೆ: "ಅಕ್ಕಾ, ತೊಗರಿ ಹೊಲದ್ದು ಒಂದು ಸಹಿ ಅದ, ಬಂದು ಹೋಗು." ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಆ ಕಾಗದದ ಹೆಸರು ಹಕ್ಕು ಬಿಡುಗಡೆ ಪತ್ರ. ಸಭೆಯಲ್ಲಿ 'ಬಿಡುಗಡೆ' ಅಂದರೆ ಆಮೆನ್ ಅಂತೀವಿ. ಆದರೆ ಸಹಿ ಹಾಕದಿದ್ದರೆ ತವರುಮನಿ ಬಾಗಿಲು ಮುಚ್ಚುತ್ತೆ ಅನ್ನೋ ಹೆದರಿಕೆಯಿಂದ ಹಾಕಿದ ಸಹಿ ಯಾರಿಗೆ ಬಿಡುಗಡೆ?

2005ರ ತಿದ್ದುಪಡಿ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತ ತಂದೆಯ ಆಸ್ತಿಯಲ್ಲೂ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಪ್ರಕಾರ ಮಗನಿಗೂ ಮಗಳಿಗೂ ಸಮಪಾಲು. ಅದಕ್ಕಿಂತ ಮೊದಲೇ ಅರಣ್ಯಕಾಂಡ 27 ಓದಿ. ಚಲ್ಪಹಾದನ ಐದು ಹೆಣ್ಣುಮಕ್ಕಳು ಎಲ್ಲರ ಮುಂದೆ ನಿಂತು ಪಾಲು ಕೇಳಿದರು. ಅವರು ಕೇಳೋದು ನ್ಯಾಯ ಅಂತ ದೇವರೇ ಹೇಳಿದರು. ಕೇಳೋದು ದುರಾಸೆ ಅಲ್ಲ, ತಂಗೀ.

ಹಾಗಾದರೆ ಬಿಟ್ಟುಕೊಟ್ಟವರು ಯಾರು? ಆದಿಕಾಂಡ 13ರಲ್ಲಿ ಅಬ್ರಾಮ. ಅವನೇ ದೊಡ್ಡವನು, ಮೊದಲು ಆರಿಸಿಕೊಳ್ಳೋದು ಅವನ ಹಕ್ಕು. ಆದರೂ ತಮ್ಮನ ಮಗ ಲೋಟನಿಗೆ ಮೊದಲು ಆರಿಸಲು ಬಿಟ್ಟ. ಫಿಲಿಪ್ಪಿ 2ರಲ್ಲಿ ಯೇಸು, ದೇವಸ್ವರೂಪನಾಗಿದ್ದೂ ದಾಸನಾದ. ಯೋಹಾನ 10:18ರಲ್ಲಿ ಆತನು ತನ್ನ ಪ್ರಾಣದ ವಿಷಯ ಏನು ಹೇಳುತ್ತಾನೆ? ಅದನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ, ತಾನಾಗಿಯೇ ಕೊಡುತ್ತಿದ್ದೇನೆ ಅಂತ. ನೋಡಿ, ಬೈಬಲಿನಲ್ಲಿ ಬಿಟ್ಟುಕೊಡುವವನು ಬಲವುಳ್ಳವನು. ನಾವು ಮಾತ್ರ ಬಲವಿಲ್ಲದವರಿಗೇ ಈ ವಾಕ್ಯ ಬೋಧಿಸುತ್ತೀವಿ!

ಆದ್ದರಿಂದ ಸಹೋದರರೇ, ಅಕ್ಕತಂಗಿಯರ ಪಾಲು ಮೊದಲು ಅವರ ಕೈಗೆ ಕೊಡಿ. ಆಮೇಲೆ ಅವರು ಮನಸಾರೆ ಕೊಟ್ಟರೆ ಸ್ತೋತ್ರ ಹೇಳಿ ತಗೊಳ್ಳಿ. ಕೊಡದಿದ್ದರೂ ಹಬ್ಬಕ್ಕೆ ಕರೆಯೋದು ನಿಲ್ಲಿಸಬೇಡಿ. ಸಹೋದರಿಯರೇ, ಭಯದಿಂದ ಸಹಿ ಹಾಕಬೇಡಿ. ಕಾಗದ ಪೂರ್ತಿ ಓದಿ, ಪ್ರಾರ್ಥಿಸಿ, ತಿಳಿದವರನ್ನು ಕೇಳಿ.

ಕರ್ತನೇ, ಹಿಡಿದ ಮುಷ್ಟಿಗಳನ್ನು ತೆರೆ, ಹೆದರಿದ ಕೈಗಳನ್ನು ಬಲಪಡಿಸು. ಆಮೆನ್.