ನಿದ್ರೆಯಲ್ಲಿ ಕಟ್ಟುವ ಉಸಿರು



ಅನ್ನವಿಲ್ಲದೆ ಮನುಷ್ಯನು ಕೆಲವು ದಿನ ಬದುಕಬಲ್ಲನು. ಉಸಿರಿಲ್ಲದೆ ಕೆಲವು ನಿಮಿಷಗಳಿಗಿಂತ ಹೆಚ್ಚು ಬದುಕಲಾರನು. ಎಚ್ಚರವಿರುವಾಗ ಉಸಿರು ಕಟ್ಟಿದರೆ ಒಡನೆ ತಿಳಿಯುತ್ತದೆ. ನಿದ್ರೆಯಲ್ಲಿ ಕಟ್ಟಿದರೆ ಮಲಗಿದವರಿಗೆ ಅದರ ಅರಿವೇ ಇರುವುದಿಲ್ಲ. ಅದನ್ನು ಕಾಣಬಲ್ಲವರು ಪಕ್ಕದಲ್ಲಿ ಮಲಗಿದವರು. ಆದುದರಿಂದ ಈ ಪಾಠವನ್ನು ಪತಿಪತ್ನಿಯರಿಬ್ಬರೂ ಕೂಡಿ ಓದಬೇಕು.

ಗೊರಕೆಯೆಂದರೆ ಸುಖನಿದ್ರೆಯೇ?

ಬೇಸಗೆಯಲ್ಲಿ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುವುದುಂಟು. ಒಬ್ಬರ ಗೊರಕೆ ನೆರೆಮನೆಗೂ ಕೇಳಿಸಿದರೆ, ದುಡಿದು ದಣಿದ ಜೀವ ಸುಖವಾಗಿ ನಿದ್ರಿಸಿದೆಯೆಂದು ಬೆಳಿಗ್ಗೆ ನಗೆಯಾಡುತ್ತಾರೆ. ಎಲ್ಲ ಗೊರಕೆಯೂ ರೋಗವಲ್ಲ, ನಿಜ. ಆದರೆ ಜೋರಾದ ಗೊರಕೆಯು ಥಟ್ಟನೆ ನಿಂತು, ಎದೆಯೂ ಹೊಟ್ಟೆಯೂ ಎಳೆದಾಡುತ್ತಿದ್ದರೂ ಮೂಗುಬಾಯಿಗಳಲ್ಲಿ ಗಾಳಿಯಾಡದೆ, ಬಳಿಕ ಏದುಸಿರಿನೊಡನೆ ಮತ್ತೆ ಗೊರಕೆ ಆರಂಭವಾದರೆ ಅದು ರೋಗದ ಗುರುತು. ಇದಕ್ಕೆ ವೈದ್ಯರು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಇಲ್ಲಿ ಭಯಪಡಬೇಕಾದುದು ಗೊರಕೆಯ ಸದ್ದಿಗಲ್ಲ, ನಡುವೆ ಬರುವ ಮೌನಕ್ಕೆ.

ಇದು ಏಕೆ ಉಂಟಾಗುತ್ತದೆ?

ಹೊಲಕ್ಕೆ ನೀರು ಹಾಯಿಸುವ ಮೆತ್ತನೆಯ ಪ್ಲಾಸ್ಟಿಕ್ ಪೈಪನ್ನು ನೀವು ನೋಡಿದ್ದೀರಿ. ನೀರಿಲ್ಲದಾಗ ಅದು ಚಪ್ಪಟೆಯಾಗಿ ಬಿದ್ದಿರುತ್ತದೆ. ನೀರಿನ ಒತ್ತಡ ಬಂದೊಡನೆ ದುಂಡಗಾಗುತ್ತದೆ. ನಮ್ಮ ಗಂಟಲಿನ ಹಾದಿಯೂ ಮೆತ್ತನೆಯದೇ. ನಿದ್ರೆಯಲ್ಲಿ ಅಲ್ಲಿಯ ಸ್ನಾಯುಗಳು ಸಡಿಲಗೊಂಡು, ನಾಲಿಗೆಯು ಹಿಂದೆ ಸರಿದು, ಕೆಲವರಲ್ಲಿ ಆ ಹಾದಿ ಮುಚ್ಚಿಹೋಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಆಗ ಮೆದುಳು ಕ್ಷಣಕಾಲ ಎಚ್ಚೆತ್ತು ಹಾದಿಯನ್ನು ತೆರೆಯಿಸುತ್ತದೆ. 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ಉಸಿರು ನಿಲ್ಲುವುದು ಅಥವಾ ತೀರ ಕುಗ್ಗುವುದು ಗಂಟೆಗೆ 5 ಸಲಕ್ಕಿಂತ ಹೆಚ್ಚಾದರೆ ಗಮನ ಕೊಡಬೇಕು. 30 ಸಲ ಮೀರಿದರೆ ರೋಗವು ತೀವ್ರವಾಗಿದೆಯೆಂದು ತಿಳಿಯಬೇಕು.

ಸ್ಥೂಲಕಾಯ, ದಪ್ಪ ಕುತ್ತಿಗೆ, ಮದ್ಯಪಾನ, ನಿದ್ರೆಮಾತ್ರೆ ಇವು ರೋಗವನ್ನು ಹೆಚ್ಚಿಸುತ್ತವೆ. ಮಕ್ಕಳಲ್ಲಿ ಊದಿಕೊಂಡ ಗಂಟಲಿನ ಗ್ರಂಥಿಗಳು ಮುಖ್ಯ ಕಾರಣ.

ಇದರಿಂದಾಗುವ ಹಾನಿ

ಮುಂಜಾನೆ ತಲೆನೋವು, ಒಣಗಿದ ಬಾಯಿ, ರಾತ್ರಿ ಪದೇಪದೇ ಮೂತ್ರಕ್ಕೆ ಏಳುವುದು, ಹಗಲು ತೂಕಡಿಕೆ, ಸಿಡುಕು, ದಾಂಪತ್ಯದಲ್ಲಿ ನಿರಾಸಕ್ತಿ ಇವು ಲಕ್ಷಣಗಳು. ಕಾಲಕ್ರಮದಲ್ಲಿ ರಕ್ತದೊತ್ತಡ, ಹೃದ್ರೋಗ, ಪಾರ್ಶ್ವವಾಯುಗಳ ಸಂಭವ ಹೆಚ್ಚುತ್ತದೆ. ಗಂಗಾವತಿ, ಕಾರಟಗಿಗಳ ಗಿರಣಿಗಳಿಂದ ರಾತ್ರಿಯೆಲ್ಲ ಅಕ್ಕಿಯ ಲಾರಿ ನಡೆಸುವವರಿಗೆ ಒಂದು ಕ್ಷಣದ ತೂಕಡಿಕೆಯೂ ಪ್ರಾಣಾಪಾಯ.

ಈ ರೋಗವು ಗಂಡಸರಿಗೆ ಮಾತ್ರ ಬರುವುದೆಂದು ಭಾವಿಸಬಾರದು. ಗರ್ಭಿಣಿಯು ಹೊಸದಾಗಿ ಜೋರು ಗೊರಕೆ ಹೊಡೆಯತೊಡಗಿದರೆ ಆಕೆಯ ರಕ್ತದೊತ್ತಡವನ್ನು ಪರೀಕ್ಷಿಸಬೇಕು. ಪತಿಯು ಸುಗ್ಗಿಯಲ್ಲಿ ಕಣದಲ್ಲಿಯೇ ಮಲಗುವುದರಿಂದ ಎಷ್ಟೋ ಗೃಹಿಣಿಯರ ಉಸಿರುಕಟ್ಟು ಯಾರ ಕಣ್ಣಿಗೂ ಬೀಳುವುದಿಲ್ಲ.

ಚಿಕಿತ್ಸೆ ಏನು?

ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಮದ್ಯ ಬಿಡುವುದು ಮೊದಲ ಹೆಜ್ಜೆಗಳು. ರೋಗವು ಹೆಚ್ಚಾಗಿದ್ದರೆ ಸಿಪ್ಯಾಪ್ ಎಂಬ ಯಂತ್ರ ಬೇಕಾಗುತ್ತದೆ. ಆಸ್ಟ್ರೇಲಿಯಾದ ಸಿಡ್ನಿ ನಗರದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಯಂತ್ರವು ಕೋಣೆಯ ಗಾಳಿಯನ್ನೇ ಎಳೆದು, ಕೊಳವೆ ಮತ್ತು ಮುಖವಾಡದ ಮೂಲಕ ಹದವಾದ ಒತ್ತಡದಲ್ಲಿ ಕಳುಹಿಸುತ್ತದೆ. ಪೈಪನ್ನು ನೀರು ತೆರೆದಿಡುವಂತೆ, ಗಂಟಲನ್ನು ಆ ಗಾಳಿ ತೆರೆದಿಡುತ್ತದೆ. ನಿದ್ರಿಸುವಾಗಲೆಲ್ಲ ಇದನ್ನು ಧರಿಸಬೇಕು. ಬಿಟ್ಟರೆ ತೊಂದರೆ ಮರಳುತ್ತದೆ.

2021ರ ಕೋವಿಡ್ ಕಾಲದಲ್ಲಿ ಆಮ್ಲಜನಕಕ್ಕಾಗಿ ಪಟ್ಟ ಪಾಡನ್ನು ಕಂಡ ನಮ್ಮ ಜನರು, ಮುಖವಾಡವೆಂದರೆ ಕೊನೆಗಾಲವೆಂದು ಅಂಜುತ್ತಾರೆ. ಈ ಅಂಜಿಕೆ ಸಲ್ಲದು. ಸಿಪ್ಯಾಪ್ ಆಮ್ಲಜನಕದ ಸಿಲಿಂಡರೂ ಅಲ್ಲ, ತುರ್ತು ಘಟಕದ ವೆಂಟಿಲೇಟರೂ ಅಲ್ಲ. ಇಲ್ಲಿ ಉಸಿರಾಡುವವರು ರೋಗಿಯೇ. ಯಂತ್ರವು ಹಾದಿಯನ್ನು ಮಾತ್ರ ಕಾಯುತ್ತದೆ. ಒಲೆಯ ಹೊಗೆಯಿಂದಲೋ ಬೀಡಿಯಿಂದಲೋ ಶ್ವಾಸಕೋಶ ಕೆಟ್ಟು, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದವರಿಗೆ, ಉಸಿರೆಳೆಯುವಾಗ ಹೆಚ್ಚು ಮತ್ತು ಬಿಡುವಾಗ ಕಡಿಮೆ ಒತ್ತಡ ನೀಡುವ ಬೈಪ್ಯಾಪ್ ಬೇಕಾಗಬಹುದು. ಅಂಥವರಿಗೆ ವೈದ್ಯರ ಮಾತಿಲ್ಲದೆ ಆಮ್ಲಜನಕ ಕೊಡುವುದೂ ಅಪಾಯಕರ.

ಯಂತ್ರದಲ್ಲಿ ನೀರಿನ ಪಾತ್ರೆಯಿದ್ದರೆ ಭಟ್ಟಿಯಿಳಿಸಿದ ನೀರನ್ನು ಹಾಕಬೇಕು. ನಮ್ಮ ಕೊಳವೆಬಾವಿಯ ಗಡಸು ನೀರು ತರವಲ್ಲ. ಮುಖವಾಡವನ್ನು ದಿನವೂ ತೊಳೆದು ಒಣಗಿಸಬೇಕು. ರಾತ್ರಿ ವಿದ್ಯುತ್ತು ಹೋದರೆ ಗಾಬರಿಯಿಲ್ಲದೆ ಮುಖವಾಡವನ್ನು ತೆಗೆದು, ಮಗ್ಗುಲಾಗಿ ಮಲಗಬೇಕು.

ದಂಪತಿಗಳು ಮಾಡಬೇಕಾದುದೇನು?

1. ಸಂಶಯ ಬಂದರೆ ಒಂದು ರಾತ್ರಿ ಎಚ್ಚರವಿದ್ದು ಹತ್ತು ನಿಮಿಷ ಗಮನಿಸಿರಿ. ಉಸಿರು ಎಷ್ಟು ಸಲ ನಿಂತಿತೆಂದು ಎಣಿಸಿರಿ. ಸಂಗಾತಿಗೆ ಮೊದಲೇ ಹೇಳಿ, ಮೊಬೈಲ್ ಫೋನಿನಲ್ಲಿ ಚಿತ್ರಿಸಿದರೆ ವೈದ್ಯರಿಗೆ ಅನುಕೂಲ.

2. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಬ್ಬರೂ ಕೂಡಿ ಹೋಗಿರಿ. ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ, ಬೇಕಾದರೆ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಕಳುಹಿಸುವರು. ರಾತ್ರಿಯಿಡೀ ನಡೆಯುವ ನಿದ್ರಾಪರೀಕ್ಷೆಯನ್ನು ಎಲ್ಲಿ ಮಾಡಿಸಬೇಕೆಂದು ವೈದ್ಯರನ್ನೇ ಕೇಳಿರಿ.

3. ಪರೀಕ್ಷೆಯಿಲ್ಲದೆ ಯಂತ್ರ ಕೊಳ್ಳಬೇಡಿರಿ. ಇನ್ನೊಬ್ಬರ ಯಂತ್ರವನ್ನು ಬಳಸಬೇಡಿರಿ.

ಪತ್ನಿಯರಲ್ಲಿ ಒಂದು ಮಾತು: ವೈದ್ಯರ ಮುಂದೆ ಯಜಮಾನರು "ನನಗೇನೂ ಆಗಿಲ್ಲ" ಎಂದರೆ ಸುಮ್ಮನಿರಬೇಡಿರಿ. ಕಣ್ಣಾರೆ ಕಂಡುದನ್ನು ಸಂಕೋಚವಿಲ್ಲದೆ ಹೇಳಿರಿ. ಪತಿಗಳಲ್ಲಿಯೂ ಒಂದು ಮಾತು: ಅದನ್ನು ದೂರೆಂದು ತಿಳಿಯಬೇಡಿರಿ. ನೀವು ಕಾಣಲಾರದುದನ್ನು ಆಕೆ ಕಂಡಿದ್ದಾಳೆ. ನಾಳೆ ಆಕೆಗಾಗಿ ನೀವೂ ಹಾಗೆಯೇ ಎಚ್ಚರವಿರಬೇಕು.

ಕೂಡಿ ಚರ್ಚಿಸಿರಿ

ನಮ್ಮ ಮನೆಯಲ್ಲಿ ಗೊರಕೆಯ ನಡುವೆ ಉಸಿರು ನಿಲ್ಲುವವರಿದ್ದಾರೆಯೇ? ಹಗಲು ಕುಳಿತಲ್ಲಿಯೇ ತೂಕಡಿಸುವವರು ಯಾರು? ಅವರನ್ನು ಯಾವ ದಿನ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯೋಣ?