ಕಡಲ ತೀರದ ಚಲಚ್ಚಿತ್ರೋತ್ಸವ

ಚಲಚ್ಚಿತ್ರವೆಂದರೆ ಹೊತ್ತು ಕಳೆಯುವ ಸಾಧನವೆಂದು ನಮ್ಮಲ್ಲಿ ಅನೇಕರು ತಿಳಿದಿರುವುದುಂಟು. ವಿದ್ಯಾರ್ಥಿಗಳು ಅದಕ್ಕೆ ಮರುಳಾಗಬಾರದೆಂದು ಹಿರಿಯರು ಎಚ್ಚರಿಸುವುದೂ ಉಂಟು. ಆ ಎಚ್ಚರಿಕೆ ನಿರಾಧಾರವಾದುದಲ್ಲ. ಆದರೆ ಪುಸ್ತಕವನ್ನು ಓದಲು ಅಕ್ಷರಾಭ್ಯಾಸ ಬೇಕಾಗುವಂತೆ ಚಿತ್ರವನ್ನು ನೋಡಲು ಸಹ ಒಂದು ಅಭ್ಯಾಸ ಬೇಕು. ಅದನ್ನು ಸಂಪಾದಿಸಿದವನಿಗೆ ಚಿತ್ರವೂ ಪಾಠವಾಗಬಲ್ಲುದು. ಕೇರಳದ ಎರಡು ಕಡಲ ತೀರದ ನಗರಗಳಾದ ಕೊಚ್ಚಿ ಮತ್ತು ತಿರುವನಂತಪುರಗಳ ಇತಿಹಾಸವು ಈ ಮಾತನ್ನು ಚೆನ್ನಾಗಿ ತಿಳಿಸಿಕೊಡುತ್ತದೆ.

ಮೊದಲು ಕೊಚ್ಚಿಗೆ ಹೋಗೋಣ. ಫೋರ್ಟ್ ಕೊಚ್ಚಿಯ ತೀರದಲ್ಲಿ ಚೀನೀ ಬಲೆಗಳು ದೊಡ್ಡ ಹಕ್ಕಿಗಳಂತೆ ನೀರಿಗಿಳಿದು ಏಳುತ್ತಿರುತ್ತವೆ. ಸಂಜೆಯಾದರೆ ಗಾಳಿ ಸೇವನೆಗೆ ಬಂದವರು, ತಿಂಡಿ ಮಾರುವವರು, ಆಟಿಕೆ ಮಾರುವವರು ಎಲ್ಲರೂ ಅಲ್ಲಿ ನೆರೆಯುವರು. ವರ್ಷದ ಕೊನೆಗೆ ಅಲ್ಲಿ ‘ಕೊಚ್ಚಿನ್ ಕಾರ್ನಿವಲ್’ ಎಂಬ ಜಾತ್ರೆ ನಡೆಯುತ್ತದೆ. ಡಿಸೆಂಬರ್ 31ರ ನಡುರಾತ್ರಿ ‘ಪಪ್ಪಾಂಞಿ’ ಎಂಬ ಮುದುಕನ ದೊಡ್ಡ ಬೊಂಬೆಯನ್ನು ಸುಟ್ಟು ಜನರು ಹೊಸ ವರ್ಷವನ್ನು ಬರಮಾಡಿಕೊಳ್ಳುವರು. ಇದೇ ವಿನೋದದ ನೆಲೆಯಲ್ಲಿ 2012ರ ಡಿಸೆಂಬರ್ 12ರಂದು ‘ಕೊಚ್ಚಿ-ಮುಜಿರಿಸ್ ಬಿಯೆನಾಲೆ’ ಎಂಬ ಕಲಾಪ್ರದರ್ಶನ ಆರಂಭವಾಯಿತು. ಹಳೆಯ ಉಗ್ರಾಣಗಳೇ ಅದರ ಪ್ರದರ್ಶನಶಾಲೆಗಳು. ಅದರ ಜೊತೆಯಲ್ಲಿ ‘ಆರ್ಟಿಸ್ಟ್ಸ್ ಸಿನಿಮಾ’ ಎಂಬ ಚಿತ್ರಪ್ರದರ್ಶನಮಾಲೆಯೂ ನಡೆದುಬಂದಿದೆ. ದೊಡ್ಡ ಬಂಡವಾಳವಾಗಲಿ ಹೆಸರಾಂತ ತಾರೆಯರಾಗಲಿ ಇಲ್ಲದೆ, ತಯಾರಕರು ತಮ್ಮ ಮನಸ್ಸಿಗೆ ಒಪ್ಪಿದಂತೆ ತೆಗೆದ ಚಿತ್ರಗಳನ್ನು ಸ್ವತಂತ್ರ ಚಿತ್ರಗಳೆನ್ನುವರು. ಊರಿನ ಚಿತ್ರಮಂದಿರಗಳಲ್ಲಿ ಸ್ಥಳ ಸಿಕ್ಕದ ಇಂತಹ ಕೃತಿಗಳಿಗೆ ಕಡಲ ತೀರದ ಜಾತ್ರೆಯ ಮಗ್ಗುಲಲ್ಲಿ ಒಂದು ತೆರೆ ದೊರಕಿತು.

ತಿರುವನಂತಪುರದಲ್ಲಿ ನಡೆಯುವ ಕೇರಳ ಅಂತಾರಾಷ್ಟ್ರೀಯ ಚಲಚ್ಚಿತ್ರೋತ್ಸವವು ಇದಕ್ಕಿಂತ ಬಹಳ ದೊಡ್ಡದು. 1996ರಲ್ಲಿ ಆರಂಭವಾದ ಈ ಉತ್ಸವವನ್ನು ಈಗ ರಾಜ್ಯ ಸರಕಾರದ ಪರವಾಗಿ ನಡೆಸುವುದು ಕೇರಳ ರಾಜ್ಯ ಚಲಚ್ಚಿತ್ರ ಅಕಾಡೆಮಿ. ಇದು ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಸುಮಾರು ಒಂದು ವಾರ ನಡೆಯುವುದು. ಏಷ್ಯ, ಆಫ್ರಿಕ ಮತ್ತು ಲ್ಯಾಟಿನ್ ಅಮೆರಿಕದ ಚಿತ್ರಗಳೇ ಇಲ್ಲಿನ ಸ್ಪರ್ಧೆಯ ಜೀವಾಳ. ಶ್ರೇಷ್ಠ ಚಿತ್ರಕ್ಕೆ ‘ಸುವರ್ಣ ಚಕೋರ’ ಪ್ರಶಸ್ತಿ ಸಲ್ಲುತ್ತದೆ. ಅದನ್ನು ಪಂಡಿತರು ನಿರ್ಣಯಿಸುವರು. ಇನ್ನೊಂದು ಪ್ರಶಸ್ತಿಯನ್ನು ಮಾತ್ರ ನೋಡಿದ ಜನರೇ ಮತ ಹಾಕಿ ಆರಿಸುವರು. 2021ರಲ್ಲಿ ಕೊರೋನಾ ರೋಗದ ಕಾರಣ ಜನಸಂದಣಿ ಸಲ್ಲದೆಂದು ಇಪ್ಪತ್ತೈದನೆಯ ಉತ್ಸವವನ್ನು ತಿರುವನಂತಪುರ, ಕೊಚ್ಚಿ, ತಲಶ್ಶೇರಿ, ಪಾಲಕ್ಕಾಡ್ ಎಂಬ ನಾಲ್ಕು ಊರುಗಳಿಗೆ ಹಂಚಿ ನಡೆಸಲಾಯಿತು.

ಈ ಉತ್ಸವಕ್ಕೆ ಒಮ್ಮೆ ಹೋಗಿದ್ದ ನಾವು ಬೆಳಗಿನ ಬಿಸಿಲಿನಲ್ಲಿ ಸಾಲುಗಟ್ಟಿ ನಿಂತೆವು. ನಮ್ಮ ಹಿಂದೆ ಕಾಲೇಜಿನ ಹುಡುಗಿಯರು, ಮುಂದೆ ಕೊಡೆ ಹಿಡಿದ ಒಬ್ಬ ವೃದ್ಧರು. ಒಳಗೆ ಸ್ಥಳ ಸಾಲದೆ ಮೆಟ್ಟಿಲ ಮೇಲೆ ಕುಳಿತವರಿದ್ದರು. ಭಾಷೆ ತಿಳಿಯದ ದೂರದೇಶದ ಚಿತ್ರವದು. ಆದರೂ ಎರಡು ತಾಸು ಯಾರೊಬ್ಬರೂ ಪಿಸುಗುಟ್ಟಲಿಲ್ಲ. ಇಂತಹ ಪ್ರೇಕ್ಷಕರು ಈ ಊರಿಗೆ ಹೇಗೆ ಒದಗಿದರೆಂದು ನಾವು ಆಶ್ಚರ್ಯಪಟ್ಟೆವು.

ಏಕೆಂದರೆ ಈ ಊರಿನ ಮೊದಲ ಪ್ರದರ್ಶನದ ಕಥೆಯೇ ಬೇರೆ. ಮಲಯಾಳದ ಮೊತ್ತಮೊದಲ ಚಿತ್ರವಾದ ‘ವಿಗತಕುಮಾರನ್’ ತೆರೆ ಕಂಡುದು ಇದೇ ತಿರುವನಂತಪುರದ ಕ್ಯಾಪಿಟಲ್ ಚಿತ್ರಮಂದಿರದಲ್ಲಿ. ವರ್ಷ 1928 ಎಂದು ಕೆಲವರೂ 1930 ಎಂದು ಕೆಲವರೂ ಹೇಳುವರು. ಜೆ. ಸಿ. ಡೇನಿಯಲ್ ಎಂಬವರು ತಮ್ಮ ಆಸ್ತಿಯನ್ನು ಮಾರಿ ಆ ಮೂಕಿಚಿತ್ರವನ್ನು ತಯಾರಿಸಿದ್ದರು. ನಾಯಿಕೆಯಾಗಿ ನಟಿಸಿದವರು ಪಿ. ಕೆ. ರೋಸಿ ಎಂಬ ದಲಿತ ಯುವತಿ. ಪಾತ್ರವು ಮೇಲ್ಜಾತಿಯ ಸ್ತ್ರೀಯದು. ಅದನ್ನು ಸಹಿಸದ ಪ್ರೇಕ್ಷಕರು ತೆರೆಗೆ ಕಲ್ಲೆಸೆದರು. ರೋಸಿ ಪ್ರಾಣಭಯದಿಂದ ಊರು ಬಿಟ್ಟು ಹೋಗಿ, ತಮಿಳು ನಾಡಿನಲ್ಲಿ ಅಜ್ಞಾತವಾಗಿ ಬದುಕನ್ನು ಕಳೆದರು. ಡೇನಿಯಲ್ ಮತ್ತೊಂದು ಕಥಾಚಿತ್ರವನ್ನು ತೆಗೆಯಲಿಲ್ಲ. ಇಂದು ಕೇರಳದ ಅತ್ಯುನ್ನತ ಚಲಚ್ಚಿತ್ರ ಗೌರವಕ್ಕೆ ಡೇನಿಯಲರ ಹೆಸರಿದೆ. 2019ರಲ್ಲಿ ಸ್ಥಾಪಿತವಾದ ಒಂದು ಫಿಲ್ಮ್ ಸೊಸೈಟಿಗೆ ರೋಸಿಯವರ ಹೆಸರಿದೆ. ಆದರೆ ಆ ಚಿತ್ರ ಮಾತ್ರ ಉಳಿದಿಲ್ಲ. ನೋಡಲರಿಯದ ಕಣ್ಣು ಎಂತಹ ಅನರ್ಥವನ್ನು ಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕಲ್ಲೆಸೆದ ಊರು ಮೌನವಾಗಿ ಕುಳಿತು ನೋಡುವ ಊರಾದುದು ಒಂದು ದಿನದಲ್ಲಲ್ಲ. 1965ರಲ್ಲಿ ಅಡೂರ್ ಗೋಪಾಲಕೃಷ್ಣನ್ ಮತ್ತು ಅವರ ಮಿತ್ರರು ತಿರುವನಂತಪುರದಲ್ಲಿ ‘ಚಿತ್ರಲೇಖ’ ಎಂಬ ಫಿಲ್ಮ್ ಸೊಸೈಟಿಯನ್ನು ಕಟ್ಟಿದರು. ಸದಸ್ಯರು ಚಂದಾ ಕೊಟ್ಟು, ಒಳ್ಳೆಯ ಚಿತ್ರಗಳನ್ನು ತರಿಸಿ, ಕೂಡಿ ನೋಡಿ, ಬಳಿಕ ಅವುಗಳ ಗುಣದೋಷಗಳನ್ನು ಚರ್ಚಿಸುವುದು ಇಂತಹ ಸಂಘಗಳ ಪದ್ಧತಿ. ಕ್ರಮೇಣ ಕೇರಳದ ಸಣ್ಣ ಊರುಗಳಲ್ಲಿಯೂ ಇಂತಹ ಸಂಘಗಳು ಹುಟ್ಟಿದವು. ಅಡೂರರ ಮೊದಲ ಕಥಾಚಿತ್ರ ‘ಸ್ವಯಂವರಂ’ 1972ರಲ್ಲಿ ಹೊರಬಂದಾಗ ಅದನ್ನು ಅರಿತು ನೋಡುವವರು ಆಗಲೇ ಸಿದ್ಧರಾಗುತ್ತಿದ್ದರು.

ಪ್ರೇಕ್ಷಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದುದುಂಟು. 1984ರಲ್ಲಿ ಜಾನ್ ಅಬ್ರಹಾಂ ಎಂಬ ನಿರ್ದೇಶಕರೂ ಅವರ ಸಂಗಡಿಗರೂ ಕೋಳಿಕ್ಕೋಡಿನಲ್ಲಿ ‘ಒಡೆಸ್ಸ’ ಎಂಬ ಬಳಗವನ್ನು ಕಟ್ಟಿದರು. ಅವರು ಊರೂರಿಗೆ ಹೋಗಿ, ಚಿತ್ರಗಳನ್ನು ತೋರಿಸಿ, ಜನರು ಕೊಟ್ಟ ಚಿಲ್ಲರೆ ಕಾಸನ್ನು ಕೂಡಿಸಿದರು. ಹನಿಗೂಡಿದರೆ ಹಳ್ಳವಲ್ಲವೆ? ಆ ಹಣದಿಂದ 1986ರಲ್ಲಿ ‘ಅಮ್ಮ ಅರಿಯಾನ್’, ಎಂದರೆ ‘ತಾಯಿಗೆ ತಿಳಿಯಲೆಂದು’, ಎಂಬ ಚಿತ್ರ ಸಿದ್ಧವಾಯಿತು. ವಯನಾಡಿನಲ್ಲಿ ಸತ್ತ ಯುವಕನೊಬ್ಬನ ಸುದ್ದಿಯನ್ನು ಅವನ ತಾಯಿಗೆ ಮುಟ್ಟಿಸಲು ಹೊರಟವರ ಪ್ರಯಾಣವೇ ಅದರ ಕಥೆ. ದಾರಿಯುದ್ದಕ್ಕೂ ಜೊತೆಗಾರರು ಸೇರುತ್ತಾ ಹೋಗಿ, ಪ್ರಯಾಣವು ನಾವು ಆರಂಭದಲ್ಲಿ ಕಂಡ ಕೊಚ್ಚಿಯನ್ನೇ ಮುಟ್ಟುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ಇದರಿಂದ ನಾವು ಕಲಿಯಬೇಕಾದುದೇನು? ನಮ್ಮ ತರಗತಿಯ ಭಾಷೆ ಕನ್ನಡ. ಈ ನಗರದ ಬೀದಿಯ ಭಾಷೆ ಬೇರೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಹೊಟ್ಟೆಪಾಡಿಗಾಗಿ ಹುಟ್ಟೂರನ್ನು ಬಿಟ್ಟು ಬಂದ ನಮ್ಮ ಮಾತಿನ ಧಾಟಿಯನ್ನು ಕೇಳಿ ನಕ್ಕವರಿದ್ದರು. ನೀವೂ ಅಂತಹ ನಗುವನ್ನು ಕೇಳಿರಬಹುದು. ಅದು ತೆರೆಗೆ ಬಿದ್ದ ಕಲ್ಲಿನ ತಮ್ಮನೇ ಸರಿ. ಆದರೆ ಉತ್ಸವದ ಕತ್ತಲೆಯ ಸಭಾಂಗಣದಲ್ಲಿ ಯಾವ ಭಾಷೆಯೂ ಚಿಕ್ಕದಲ್ಲ. ತೆರೆಯ ಕೆಳಗೆ ಎರಡು ಸಾಲಿನ ಅನುವಾದ ಮೂಡಿದರೆ ಸಾಕು, ಜಗತ್ತು ಕಿವಿಗೊಡುತ್ತದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಮಲೆನಾಡಿನ ಅಗ್ರಹಾರವೊಂದರ ಕನ್ನಡ ಕಥೆ. ಅದು ರಾಷ್ಟ್ರದ ಸ್ವರ್ಣಕಮಲವನ್ನು ಪಡೆಯಿತು. ಅದರ ಜೀರ್ಣೋದ್ಧಾರಗೊಂಡ ಪ್ರತಿಯು 2024ರಲ್ಲಿ ಇಟಲಿಯ ವೆನಿಸ್ ಉತ್ಸವದಲ್ಲಿ ಪ್ರದರ್ಶಿತವಾಯಿತು. ವೆನಿಸ್ ಸಹ ಕಡಲ ನಗರವೇ.

ಆದುದರಿಂದ ನಮ್ಮ ಮಾತನ್ನು ಇತರರು ಗೌರವದಿಂದ ಕೇಳಬೇಕೆಂದು ಬಯಸುವ ನಾವು, ಇತರರ ಮಾತನ್ನು ಗೌರವದಿಂದ ಕೇಳಲು ಮೊದಲು ಕಲಿಯಬೇಕು. ತಿಂಗಳಿಗೊಮ್ಮೆ ನಮ್ಮ ಶಾಲೆಯಲ್ಲಿಯೇ ಒಂದು ಒಳ್ಳೆಯ ಚಿತ್ರವನ್ನು ಕೂಡಿ ನೋಡಿ ಚರ್ಚಿಸುವುದು ಅಸಾಧ್ಯವೇನಲ್ಲ. ಅದಕ್ಕೆ ಒಂದು ಬಿಳಿಯ ಗೋಡೆ ಸಾಕು. ಮೌನವಾಗಿ ನೋಡಿ, ಅನಂತರ ನಿರ್ಭಯವಾಗಿ ಮಾತನಾಡುವ ಮನಸ್ಸುಗಳು ಬೇಕು. ಗೋಡೆ ನಮ್ಮಲ್ಲಿದೆ. ಮನಸ್ಸುಗಳನ್ನು ನಾವೇ ಸಿದ್ಧಪಡಿಸಿಕೊಳ್ಳೋಣ.