ಚಂಡಮಾರುತದ ಬಲವೃದ್ಧಿ ಮತ್ತು ಬಲಕ್ಷಯ

ಚಂಡಮಾರುತವು ಕರಾವಳಿಯ ಜನರಿಗೆ ಮಾತ್ರ ಸಂಬಂಧಿಸಿದ ವಿಪತ್ತು ಎಂಬ ಭಾವನೆ ಒಳನಾಡಿನಲ್ಲಿ ವ್ಯಾಪಕವಾಗಿದೆ. ಈ ಭಾವನೆ ಸರಿಯಲ್ಲವೆಂಬುದನ್ನು 2020ರ 'ನಿಸರ್ಗ' ಚಂಡಮಾರುತವು ತೋರಿಸಿಕೊಟ್ಟಿತು. ಜೂನ್ 3ರ ಮಧ್ಯಾಹ್ನ ಅಲಿಬಾಗ್‌ನ ದಕ್ಷಿಣಕ್ಕೆ ಮಹಾರಾಷ್ಟ್ರದ ತೀರವನ್ನು ಮುಟ್ಟಿದ ಅದು, ಅದೇ ರಾತ್ರಿ ಸಹ್ಯಾದ್ರಿಯನ್ನು ದಾಟಿ, ಸಮುದ್ರದಿಂದ 100 ಕಿ.ಮೀ.ಗೂ ಹೆಚ್ಚು ದೂರವಿರುವ ನಾಸಿಕ್ ಸೀಮೆಯಲ್ಲಿ ಮಳೆ ಸುರಿಸಿತು.

ಗಾಳಿಯ ವೇಗವೇ ಅಳತೆಗೋಲು

ಭಾರತೀಯ ಹವಾಮಾನ ಇಲಾಖೆಯು ಚಂಡಮಾರುತಗಳನ್ನು ಗಾಳಿಯ ವೇಗಕ್ಕೆ ಅನುಗುಣವಾಗಿ ವರ್ಗೀಕರಿಸುತ್ತದೆ. ಇಲ್ಲಿ ವೇಗವೆಂದರೆ ಕ್ಷಣಿಕ ಬೀಸಲ್ಲ, ಮೂರು ನಿಮಿಷಗಳ ಸರಾಸರಿ. ಗಂಟೆಗೆ 31 ಕಿ.ಮೀ. ತಲುಪಿದರೆ ವಾಯುಭಾರ ಕುಸಿತ, 50 ತಲುಪಿದರೆ ತೀವ್ರ ವಾಯುಭಾರ ಕುಸಿತ, 62 ಆದರೆ ಚಂಡಮಾರುತ, 89 ಆದರೆ ತೀವ್ರ ಚಂಡಮಾರುತ, 118 ಆದರೆ ಅತಿ ತೀವ್ರ ಚಂಡಮಾರುತ. ಸುಮಾರು 220 ಕಿ.ಮೀ.ಯನ್ನು ಮೀರಿದಾಗ ಅದು ಮಹಾ ಚಂಡಮಾರುತವೆನಿಸುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದು ಗೋಡೆ, ಮಾಡು, ಮರಗಳ ಮೇಲೆ ಹೇರುವ ಒತ್ತಡ ನಾಲ್ಕು ಪಟ್ಟಾಗುತ್ತದೆ.

ವಾಯುಭಾರದ ಪಾತ್ರ

ಈ ಗಾಳಿಯನ್ನು ಹುಟ್ಟಿಸುವುದು ವಾಯುಭಾರದ ವ್ಯತ್ಯಾಸ. ಸಮುದ್ರಮಟ್ಟದ ಸರಾಸರಿ ವಾಯುಭಾರ ಸುಮಾರು 1013 ಹೆಕ್ಟೊಪ್ಯಾಸ್ಕಲ್. ನಿಸರ್ಗದ ಕೇಂದ್ರದಲ್ಲಿ ಅದು 984ಕ್ಕೆ ಇಳಿದಿತ್ತು. ತೀರ ದಾಟುವಾಗ ಗಾಳಿ ಗಂಟೆಗೆ 100ರಿಂದ 110 ಕಿ.ಮೀ. ವೇಗದಲ್ಲಿತ್ತು. 2021ರ ಮೇ ತಿಂಗಳಿನಲ್ಲಿ ಕರ್ನಾಟಕದ ಕರಾವಳಿಯನ್ನು ಕಂಗೆಡಿಸಿ ಗುಜರಾತಿನತ್ತ ಸಾಗಿದ 'ತೌಕ್ತೆ'ಯ ಕೇಂದ್ರಭಾರ 950ಕ್ಕೆ ಕುಸಿದಾಗ ಗಾಳಿಯ ವೇಗ 185 ಕಿ.ಮೀ.ಗೆ ಏರಿತ್ತು. ಕೇಂದ್ರದ ಭಾರ ಇಳಿದಷ್ಟೂ ಸುತ್ತಲಿನ ಗಾಳಿ ರಭಸದಿಂದ ಒಳನುಗ್ಗುತ್ತದೆ.

ಇಲ್ಲೊಂದು ಅಂಶವನ್ನು ಗಮನಿಸಬೇಕು. ನಾಸಿಕ್ ನಗರವು ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿನ ವಾಯುಭಾರಮಾಪಕವು ಶುಭ್ರ ದಿನದಲ್ಲಿಯೂ ಸಮುದ್ರಮಟ್ಟಕ್ಕಿಂತ ಸುಮಾರು 65 ಹೆಕ್ಟೊಪ್ಯಾಸ್ಕಲ್ ಕಡಿಮೆ ತೋರಿಸುತ್ತದೆ. ಅಂದರೆ ಅಲ್ಲಿನ ನಿತ್ಯದ ಅಳತೆಯೇ ನಿಸರ್ಗದ ಕೇಂದ್ರಭಾರಕ್ಕಿಂತ ಕಡಿಮೆ! ಆದುದರಿಂದ ಎಲ್ಲ ಊರುಗಳ ಅಳತೆಗಳನ್ನೂ ಸಮುದ್ರಮಟ್ಟಕ್ಕೆ ಪರಿವರ್ತಿಸಿದ ಬಳಿಕವೇ ಹೋಲಿಸಲಾಗುತ್ತದೆ. ಉಪಕರಣಗಳು ವಿರಳವಾಗಿರುವ ಕಡಲಿನ ಮೇಲೆ, ಉಪಗ್ರಹ ಚಿತ್ರಗಳಲ್ಲಿ ಮೋಡಗಳ ವಿನ್ಯಾಸವನ್ನು ಪರಿಶೀಲಿಸಿ ಬಲವನ್ನು ಅಂದಾಜಿಸುತ್ತಾರೆ.

ಏರಿಕೆ ಮತ್ತು ಇಳಿಕೆ

ಚಂಡಮಾರುತಕ್ಕೆ ಶಕ್ತಿ ದೊರೆಯುವುದು ಬೆಚ್ಚಗಿನ ಕಡಲಿನಿಂದ. ಸಾಮಾನ್ಯವಾಗಿ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು. ಅಲ್ಲಿಂದ ಏಳುವ ಆವಿ ಮೇಲೆ ತಣಿದು ಹನಿಯಾಗುವಾಗ ಶಾಖವನ್ನು ಬಿಡುತ್ತದೆ. ಆ ಶಾಖದಿಂದ ಕೇಂದ್ರದ ಗಾಳಿ ಹಗುರವಾಗಿ, ಭಾರ ಮತ್ತಷ್ಟು ಕುಸಿಯುತ್ತದೆ. ಜೂನ್ 1ರಂದು ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತವಾಗಿದ್ದ ನಿಸರ್ಗವು ಮರುದಿನ ಚಂಡಮಾರುತವಾಗಿ, 3ರಂದು ತೀವ್ರ ಚಂಡಮಾರುತವಾಗಿ ಬಲಿತುದು ಹೀಗೆ.

ನೆಲವನ್ನು ಪ್ರವೇಶಿಸಿದೊಡನೆ ಆವಿಯ ಪೂರೈಕೆ ಕಡಿಮೆಯಾಗುತ್ತದೆ. ಗುಡ್ಡ, ಕಾಡು, ಕಟ್ಟಡಗಳ ಘರ್ಷಣೆಯಿಂದ ಗಾಳಿ ಕುಂದುತ್ತದೆ. ಕೇಂದ್ರದ ಭಾರ ಮತ್ತೆ ಏರುತ್ತದೆ. ನಿಸರ್ಗವು ಅಂದು ಮಧ್ಯರಾತ್ರಿಯ ವೇಳೆಗೆ ತೀವ್ರ ವಾಯುಭಾರ ಕುಸಿತಕ್ಕೂ, 4ರ ಬೆಳಿಗ್ಗೆ ವಾಯುಭಾರ ಕುಸಿತಕ್ಕೂ ಇಳಿಯಿತು.

ದುರ್ಬಲವೆಂದರೆ ನಿರಪಾಯವಲ್ಲ

'ಚಂಡಮಾರುತ ದುರ್ಬಲಗೊಂಡಿದೆ' ಎಂಬ ಪ್ರಕಟಣೆಯು ಗಾಳಿಯ ಬಗೆಗೆ ಮಾತ್ರ ಹೇಳುತ್ತದೆ, ಮಳೆಯ ಬಗೆಗಲ್ಲ. ಗಾಳಿ ಕುಂದಿದ ಮೇಲೂ ಮೋಡಗಳಲ್ಲಿ ಉಳಿದ ತೇವಾಂಶ ಒಳನಾಡಿನಲ್ಲಿ ಸುರಿಯಬಹುದು. ನಾಸಿಕ್‌ನ ಮೇಲ್ಭಾಗದಲ್ಲಿ ಬಿದ್ದ ಮಳೆ ಗೋದಾವರಿಯನ್ನು ಸೇರಿ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದ ಬಳಿಯಿರುವ ಜಾಯಕವಾಡಿ ಜಲಾಶಯದತ್ತ ಹರಿಯುತ್ತದೆ. ಹೀಗೆ ಗಾಳಿಯೇ ತಲುಪದ ಊರಿಗೂ ನೀರು ತಲುಪಬಹುದು.

ಆದಕಾರಣ ಒಳನಾಡಿನ ನಿವಾಸಿಗಳು ಬಲ ಇಳಿದ ಸುದ್ದಿ ಕೇಳಿದೊಡನೆ ಎಚ್ಚರವನ್ನು ಸಡಿಲಿಸಬಾರದು. ತಮ್ಮ ಜಿಲ್ಲೆಯ ಮಳೆಯ ಮುನ್ಸೂಚನೆಯನ್ನು ಪ್ರತ್ಯೇಕವಾಗಿ ಗಮನಿಸಬೇಕು. ಸಂಗ್ರಹಿಸಿಟ್ಟ ಈರುಳ್ಳಿ, ಧಾನ್ಯಗಳ ಮೇಲ್ಹೊದಿಕೆಯನ್ನು ಮುಂಚಿತವಾಗಿ ಭದ್ರಪಡಿಸಬೇಕು. ನೀರು ಹರಿಯುತ್ತಿರುವ ಸೇತುವೆಯನ್ನು ದಾಟಬಾರದು, ನದಿಪಾತ್ರದಿಂದ ದೂರವಿರಬೇಕು.